ಕ್ಲಬ್ಬು ಯಾರದ್ದು ಸ್ವಾಮಿ?

(ಪ್ರಸಾರ: 5 ಆಗಸ್ಟ್ 2025)

ನಿನ್ನೆ, ಸೋಮವಾರ, ಬೆಂಗಳೂರು ಎಫ್‌ಸಿ ಒಂದು ಹೇಳಿಕೆ ಕೊಟ್ಟಿದೆ. ಮೊದಲ ತಂಡದ ಆಟಗಾರರು ಮತ್ತು ಆ ತಂಡದ ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸಲಾಗಿದೆ. ಕಾರಣ, ಇಂಡಿಯನ್ ಸೂಪರ್ ಲೀಗ್ ಈ ಸಲ ನಡೆಯುತ್ತೋ ಇಲ್ವೋ ಅನ್ನೋದೇ ಗೊತ್ತಿಲ್ಲ. ಕಿರಿಯರ ತಂಡಗಳು, ಮಕ್ಕಳ ಸಾಕರ್ ಸ್ಕೂಲ್‌ಗಳು ಮಾತ್ರ ಮೊದಲಿನ ಹಾಗೇ ನಡೆಯುತ್ತವಂತೆ.

ಸುದ್ದಿ ಬಂದ ಕೂಡಲೇ ಎರಡು ತರದ ಮಾತು ಕಿವಿಗೆ ಬಿತ್ತು. ಪಾಪ ಆಟಗಾರರು ಅಂತ ಕೆಲವರು. ಪಾಪ ಮಾಲೀಕರು, ಎಷ್ಟು ವರ್ಷ ಅಂತ ದುಡ್ಡು ಸುರೀತಾರೆ ಅಂತ ಇನ್ನು ಕೆಲವರು. ಎರಡರಲ್ಲೂ ನ್ಯಾಯ ಇದೆ. ಆದರೆ ನಾನಿವತ್ತು ಮೂರನೆಯವನ ಬಗ್ಗೆ ಮಾತಾಡ್ತೀನಿ. ಅವನ ಸಂಬಳ ಯಾರೂ ನಿಲ್ಲಿಸೋಕೆ ಆಗಲ್ಲ. ಯಾಕಂದ್ರೆ ಅವನಿಗೆ ಸಂಬಳವೇ ಇರಲಿಲ್ಲ, ತಾನೇ ದುಡ್ಡು ಕೊಟ್ಟು ಬರ್ತಿದ್ದ.

ನಿಮ್ಮಲ್ಲಿ ಎಷ್ಟು ಜನ ಕಂಠೀರವಕ್ಕೆ ಹೋಗಿ ಫುಟ್‌ಬಾಲ್ ನೋಡಿದ್ದೀರೋ ಗೊತ್ತಿಲ್ಲ. ಅದು ಫುಟ್‌ಬಾಲಿಗೆ ಅಂತ ಕಟ್ಟಿದ್ದಲ್ಲ, ಅಥ್ಲೆಟಿಕ್ಸ್ ಕ್ರೀಡಾಂಗಣ. ಪ್ರೇಕ್ಷಕರಿಗೂ ಆಟಕ್ಕೂ ಮಧ್ಯೆ ಓಟದ ಟ್ರ್ಯಾಕ್ ಇದೆ. ಚೆಂಡು ಆ ತುದಿಯ ಗೋಲಿನ ಹತ್ತಿರ ಹೋದರೆ ಯಾರು ಒದ್ದರು ಅಂತ ಗೊತ್ತಾಗೋದೂ ಕಷ್ಟ. ಮನೆಯಲ್ಲಿ ಟಿವಿ ಹಾಕ್ಕೊಂಡ್ರೆ ಎಷ್ಟೋ ಚೆನ್ನಾಗಿ ಕಾಣುತ್ತೆ. ಆದರೂ ವೆಸ್ಟ್ ಬ್ಲಾಕ್ ಬ್ಲೂಸ್ ಅಂತ ಒಂದು ಬಳಗ 2013ರಿಂದ ಇದೆ. ನೀಲಿ ಅಂಗಿ ಹಾಕ್ಕೊಂಡು, ಡೋಲು ಹೊಡ್ಕೊಂಡು, ತೊಂಬತ್ತು ನಿಮಿಷ ನಿಂತೇ ಹಾಡೋ ಬಳಗ. ಕುರ್ಚಿಗೆ ದುಡ್ಡು ಕೊಟ್ಟು ನಿಂತುಕೊಳ್ಳೋರನ್ನ ಬೇರೆಲ್ಲಿ ನೋಡಿದ್ದೀರಿ? ತಂಡ ಕೊಚ್ಚಿಗೆ ಹೋದರೆ ಅವರೂ ಕೊಚ್ಚಿಗೆ. ಅಲ್ಲಿ ಹಳದಿ ಸಮುದ್ರದ ಮಧ್ಯೆ ಒಂದು ಮೂಲೆಯಲ್ಲಿ ನೀಲಿ ಚುಕ್ಕಿಯ ಹಾಗೆ ನಿಂತು, ಗಂಟಲು ಹರ್ಕೊಂಡು, ಬೆಳಿಗ್ಗೆ ವಾಪಸ್ ಬಂದು ಕೆಲಸಕ್ಕೆ ಹೋಗ್ತಾರೆ.

ಅವರಿಗೆ ಸಿಕ್ಕಿದ್ದೇನು ಅಂತ ಕೇಳಬಹುದು. ಸಿಕ್ಕಿದೆ, ಇಲ್ಲ ಅನ್ನಲ್ಲ. ಕ್ಲಬ್ಬು ಹುಟ್ಟಿದ ಮೊದಲ ವರ್ಷವೇ, 2014ರ ಏಪ್ರಿಲ್‌ನಲ್ಲಿ, ಗೋವಾಕ್ಕೆ ಹೋಗಿ ಡೆಂಪೊ ತಂಡವನ್ನು ಸೋಲಿಸಿ ಐ-ಲೀಗ್ ಗೆದ್ದಿತು. 2016ರಲ್ಲಿ ಮತ್ತೆ ಗೆದ್ದಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಮಲೇಷ್ಯಾದ ಜೊಹೊರ್ ತಂಡವನ್ನು ಇದೇ ಕಂಠೀರವದಲ್ಲಿ 3-1ರಿಂದ ಬಡಿದು ಎಎಫ್‌ಸಿ ಕಪ್ ಫೈನಲ್ಲಿಗೆ ಹೋಯಿತು. ಭಾರತದ ಯಾವ ಕ್ಲಬ್ಬೂ ಅಲ್ಲಿಯವರೆಗೆ ಆ ಫೈನಲ್ ಆಡಿರಲಿಲ್ಲ. 2019ರ ಮಾರ್ಚ್‌ನಲ್ಲಿ ಮುಂಬೈಯಲ್ಲಿ, ಹೆಚ್ಚುವರಿ ಸಮಯವೂ ಮುಗಿಯುವ ಹೊತ್ತಿಗೆ, ರಾಹುಲ್ ಭೇಕೆ ತಲೆಯಿಂದ ಹೊಡೆದ ಒಂದು ಗೋಲಿನಲ್ಲಿ ಐಎಸ್‌ಎಲ್ ಬಂತು.

ಆದರೆ ಬೆಂಬಲಿಗನನ್ನು ಗೆಲುವು ತಯಾರು ಮಾಡಲ್ಲ. ಗೆದ್ದಾಗ ಬರೋರು ಬಹಳ ಜನ. 2015ರ ಮೇ 31 ನೋಡಿ. ಐ-ಲೀಗ್‌ನ ಕೊನೆಯ ದಿನ, ಕಂಠೀರವದಲ್ಲಿ ಮೋಹನ್ ಬಗಾನ್ ಎದುರು. ನಾವು ಗೆಲ್ಲಲೇಬೇಕು, ಅವರಿಗೆ ಡ್ರಾ ಸಾಕು. ಮೊದಲಾರ್ಧದಲ್ಲೇ ಜಾನ್ ಜಾನ್ಸನ್ ಗೋಲು ಹೊಡೆದರು. ಒಂದು-ಸೊನ್ನೆ. ಗಡಿಯಾರ ಓಡ್ತಾ ಇದೆ, 70, 80, 85. ಟ್ರೋಫಿ ಕಣ್ಣೆದುರಿಗೇ ಇದೆ. 87ನೇ ನಿಮಿಷ, ಒಂದು ಕಾರ್ನರ್ ಕಿಕ್, ಬೆಲ್ಲೊ ರಜಾಕ್ ತಲೆ ಕೊಟ್ಟರು. ಒಂದು-ಒಂದು. ಹದಿಮೂರು ವರ್ಷ ಕಾದಿದ್ದ ಬಗಾನ್ ಬೆಂಬಲಿಗರು ನಮ್ಮ ಅಂಗಳದಲ್ಲೇ ಕುಣಿದರು. ಮೂರು ನಿಮಿಷ, ಸ್ವಾಮಿ! ಅವತ್ತು ಅಲ್ಲಿದ್ದವರನ್ನು ಇವತ್ತು ಕೇಳಿ. ಗೆದ್ದ ಪಂದ್ಯಗಳ ಸ್ಕೋರು ಮರೆತಿರಬಹುದು, 87 ಅನ್ನೋ ಸಂಖ್ಯೆ ಮರೆತಿರಲ್ಲ. 2018ರ ಫೈನಲ್ ಕೂಡ ಇದೇ ಕಂಠೀರವದಲ್ಲಿ, ಚೆನ್ನೈಯಿನ್ ಎದುರು 2-3. 2023ರ ಫೈನಲ್ ಬಗಾನ್ ಎದುರು ಪೆನಾಲ್ಟಿಯಲ್ಲಿ ಹೋಯಿತು. ಈ ವರ್ಷ ಏಪ್ರಿಲ್‌ನಲ್ಲಿ ಕೋಲ್ಕತ್ತಾದಲ್ಲಿ ಮತ್ತೆ ಅದೇ ಬಗಾನ್, ಮುಂದಿದ್ದೂ 1-2ರಿಂದ ಸೋಲು. ಇಷ್ಟೆಲ್ಲ ಆದಮೇಲೂ ಮುಂದಿನ ಸೀಸನ್ ಯಾವಾಗ ಅಂತ ಕೇಳೋನೇ ಬೆಂಬಲಿಗ. ಈ ಸಲ ಅವನು ಕೇಳಿದಾಗ ಉತ್ತರ ಕೊಡೋರೇ ಇಲ್ಲ.

ಯಾಕೆ ಇಲ್ಲ? ಇದು ಸ್ವಲ್ಪ ಒಣ ವಿಷಯ, ಬೇಗ ಹೇಳಿ ಮುಗಿಸ್ತೀನಿ. 2010ರಲ್ಲಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ತನ್ನ ವಾಣಿಜ್ಯ ಹಕ್ಕುಗಳನ್ನು 15 ವರ್ಷಕ್ಕೆ ಒಪ್ಪಂದ ಮಾಡಿ ಕೊಟ್ಟಿತು. ಐಎಸ್‌ಎಲ್ ಹುಟ್ಟಿದ್ದು ಆ ಒಪ್ಪಂದದಿಂದ. ಅದು ಈ ಡಿಸೆಂಬರ್ 8ಕ್ಕೆ ಮುಗಿಯುತ್ತೆ. ಲೀಗು ಶುರುವಾಗೋದು ಸೆಪ್ಟೆಂಬರ್‌ನಲ್ಲಿ. ಮಧ್ಯದಲ್ಲೇ ಹಕ್ಕು ಹೋಗೋದಾದರೆ ಲೀಗು ನಡೆಸೋದು ಹೇಗೆ ಅಂತ ಆಯೋಜಕರು ಜುಲೈ 11ರಂದು ಎಲ್ಲಾ ತಡೆಹಿಡಿದರು. ಹೊಸ ಒಪ್ಪಂದ ಮಾಡೋಣ ಅಂದ್ರೆ, ಫೆಡರೇಷನ್ನಿನ ಸಂವಿಧಾನದ ಪ್ರಕರಣ ಸುಪ್ರೀಂ ಕೋರ್ಟಿನಲ್ಲಿದೆ, ತೀರ್ಪು ಬರೋವರೆಗೆ ಮುಂದುವರಿಯೋ ಹಾಗಿಲ್ಲ. ಈಗ ಒಂದು ಪ್ರಶ್ನೆ. 15 ವರ್ಷದ ಒಪ್ಪಂದ 15ನೇ ವರ್ಷ ಮುಗಿಯುತ್ತೆ ಅಂತ ಲೆಕ್ಕ ಹಾಕೋಕೆ ಯಾವ ಜ್ಯೋತಿಷಿ ಬೇಕಿತ್ತು?

ಮಾಲೀಕರ ಕಡೆಯ ಮಾತನ್ನೂ ಹೇಳಬೇಕು. ಜೆಎಸ್‌ಡಬ್ಲ್ಯು 2013ರಿಂದ ಈ ಕ್ಲಬ್ಬನ್ನು ನಡೆಸಿದೆ. ಬಳ್ಳಾರಿ ಸೀಮೆಯ ವಿಜಯನಗರದಲ್ಲಿ ಮಕ್ಕಳನ್ನಿಟ್ಟು ಆಟ ಕಲಿಸುವ ಅಕಾಡೆಮಿ ಕಟ್ಟಿದೆ. ಈ ದೇಶದಲ್ಲಿ ಫುಟ್‌ಬಾಲ್ ಕ್ಲಬ್ಬು ನಡೆಸಿ ಶ್ರೀಮಂತನಾದವನು ನನ್ನ ಕಣ್ಣಿಗಂತೂ ಬಿದ್ದಿಲ್ಲ. ಹಾಗಾಗಿ ಅವರನ್ನು ಖಳನಾಯಕರು ಅಂತ ನಾನು ಕರೆಯಲ್ಲ. ನನ್ನ ತಕರಾರು ಬೇರೆ. ದೊಡ್ಡ ಕಂಪನಿ, ಒಳ್ಳೆ ಮನಸ್ಸು, ಎಲ್ಲಾ ಸರಿ. ಆದರೆ ಸ್ವಿಚ್ಚು ಒಬ್ಬರ ಕೈಯಲ್ಲೇ ಇದೆ. ಮಹೀಂದ್ರ ಯುನೈಟೆಡ್ 2010ರಲ್ಲಿ ಮುಚ್ಚಿತು. ಪಂಜಾಬಿನ ಜೆಸಿಟಿ 2011ರಲ್ಲಿ ಮುಚ್ಚಿತು. ಎರಡೂ ಚಾಂಪಿಯನ್ ತಂಡಗಳು, ಎರಡಕ್ಕೂ ಬೆಂಬಲಿಗರಿದ್ದರು. ಮುಚ್ಚೋ ತೀರ್ಮಾನ ಆದದ್ದು ಕಚೇರಿಯಲ್ಲಿ.

ಇನ್ನೊಂದು ವಾದ ಕೇಳ್ತೀನಿ. ಹನ್ನೆರಡು ವರ್ಷದ ಕಂಪನಿ ಕ್ಲಬ್ಬು, ಇದಕ್ಕೇನು ಪರಂಪರೆ, ಇದಕ್ಕೆ ಯಾಕೆ ಅಳೋದು ಅಂತ. ಕ್ಲಬ್ಬಿಗೆ ಹನ್ನೆರಡು ವರ್ಷ ಇರಬಹುದು, ಊರಿಗಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು ಸ್ವತಂತ್ರ ಭಾರತದ ಮೊದಲ ಗೋಲು ಹೊಡೆದ ಸಾರಂಗಪಾಣಿ ರಾಮನ್ ನಮ್ಮ ಬೆಂಗಳೂರಿನವರು. ಈಸ್ಟ್ ಬೆಂಗಾಲ್‌ನ ಪಂಚಪಾಂಡವರು ಅಂತ ಕೋಲ್ಕತ್ತಾ ಇವತ್ತಿಗೂ ಹೆಸರು ಹೇಳುತ್ತಲ್ಲ, ಅದರಲ್ಲಿದ್ದ ಅಹ್ಮದ್ ಖಾನ್ ಇಲ್ಲಿಯವರು. ಹಲಸೂರಿನ ಪಕ್ಕ ಗೌತಮಪುರಕ್ಕೆ ಹೋಗಿ, ಅಂಬೇಡ್ಕರ್, ಬುದ್ಧ, ಮದರ್ ತೆರೇಸಾ ಪ್ರತಿಮೆಗಳ ಜೊತೆ ಪೆಲೆ ಪ್ರತಿಮೆ ನಿಲ್ಲಿಸಿದ್ದಾರೆ ಜನ. ಐಟಿಐ, ಎಚ್‌ಎಎಲ್, ಬಿಇಎಂಎಲ್ ಅಂತ ಕಾರ್ಖಾನೆಗಳ ತಂಡಗಳಿದ್ದವು, ಶಿಫ್ಟು ಮುಗಿಸಿ ಬಂದು ನೋಡೋರಿದ್ದರು. ಆ ತಂಡಗಳು ಒಂದೊಂದಾಗಿ ದೊಡ್ಡ ಲೀಗಿನಿಂದ ಮರೆಯಾದವು. ಆಗ ಖಾಲಿಯಾದ ಜಾಗಕ್ಕೆ ಬಂದದ್ದು ಈ ನೀಲಿ ತಂಡ. ಇದೂ ಹೋದರೆ ಎರಡನೇ ಸಲ ಖಾಲಿ.

ಹಾಗಾದರೆ ಬೆಂಬಲಿಗರೇ ಕ್ಲಬ್ಬು ನಡೆಸಲಿ ನೋಡೋಣ ಅಂತ ನಗಬಹುದು ಯಾರಾದರೂ. ನಡೆಸಿದ್ದಾರೆ. ಲಂಡನ್ನಿನ ವಿಂಬಲ್ಡನ್‌ನಲ್ಲಿ. ಟೆನಿಸ್ಸಿಗೆ ಹೆಸರಾದ ಅದೇ ಜಾಗ. ಅಲ್ಲೊಂದು ಫುಟ್‌ಬಾಲ್ ಕ್ಲಬ್ಬಿತ್ತು, 1889ರದ್ದು. 1988ರಲ್ಲಿ ಲಿವರ್‌ಪೂಲ್‌ನಂಥ ಲಿವರ್‌ಪೂಲನ್ನೇ ಸೋಲಿಸಿ ಎಫ್‌ಎ ಕಪ್ ಗೆದ್ದಿತ್ತು. ಆಮೇಲೆ ಸ್ವಂತ ಮೈದಾನ ಹೋಯಿತು, ಬೇರೆಯವರ ಮೈದಾನದಲ್ಲಿ ಬಾಡಿಗೆ ಬಾಳು. ಕೊನೆಗೆ ಮಾಲೀಕರು, ಕ್ಲಬ್ಬನ್ನೇ ಮಿಲ್ಟನ್ ಕೀನ್ಸ್ ಅನ್ನೋ ಊರಿಗೆ ಒಯ್ಯುತ್ತೇವೆ ಅಂದರು. ನಮ್ಮಿಂದ ಮಂಡ್ಯ ಎಷ್ಟು ದೂರವೋ ಹೆಚ್ಚುಕಡಿಮೆ ಅಷ್ಟು ದೂರ. (ನಾವೂ ನಗೋ ಹಾಗಿಲ್ಲ. 2019ರಲ್ಲಿ ಕಂಠೀರವ ಸಿಗದೆ ಬೆಂಗಳೂರು ಎಫ್‌ಸಿ ತನ್ನ ತವರಿನ ಪಂದ್ಯಗಳನ್ನು ಪುಣೆಯಲ್ಲಿ ಆಡುವ ಮಾತು ಬಂದಿತ್ತು.) 2002ರ ಮೇ 28ರಂದು ಮೂವರ ಸಮಿತಿ, ಇಬ್ಬರು ಸರಿ ಒಬ್ಬರು ಬೇಡ ಅನ್ನೋ ಲೆಕ್ಕದಲ್ಲಿ, ಒಪ್ಪಿಗೆ ಕೊಟ್ಟಿತು. ಬೆಂಬಲಿಗರು ಹೊಸ ಕ್ಲಬ್ಬು ಕಟ್ಟೋದು ಫುಟ್‌ಬಾಲಿನ ವಿಶಾಲ ಹಿತಕ್ಕೆ ತಕ್ಕದ್ದಲ್ಲ ಅಂತಲೂ ಆ ಸಮಿತಿಯ ವರದಿ ಹೇಳಿತು!

ಅವರು ಕಟ್ಟಿದರು. ಒಂದು ತಿಂಗಳಲ್ಲಿ. ವಿಂಬಲ್ಡನ್ ಕಾಮನ್ ಅನ್ನೋ ಸಾರ್ವಜನಿಕ ಬಯಲಲ್ಲಿ ಆಟಗಾರರ ಆಯ್ಕೆ, ಯಾರು ಬೇಕಾದರೂ ಬನ್ನಿ ಅಂತ. 230 ಜನ ಬಂದರು. ಜುಲೈಯಲ್ಲಿ ಮೊದಲ ಸ್ನೇಹ ಪಂದ್ಯ, ಸಟನ್ ಯುನೈಟೆಡ್ ಎದುರು 0-4 ಸೋಲು. ನೋಡೋಕೆ ಬಂದವರು 4,657 ಜನ. ಇಂಗ್ಲೆಂಡಿನ ಒಂಬತ್ತನೇ ದರ್ಜೆಯ ಲೀಗಿನಿಂದ ಶುರು ಮಾಡಿದರು. ಒಂಬತ್ತು ವರ್ಷದಲ್ಲಿ ಐದು ಬಡ್ತಿ, 2011ಕ್ಕೆ ನಾಲ್ಕನೇ ದರ್ಜೆ. ಕ್ಲಬ್ಬು ಬೆಂಬಲಿಗರ ಟ್ರಸ್ಟಿನ ಹಿಡಿತದಲ್ಲಿದೆ, ಒಬ್ಬ ಸದಸ್ಯನಿಗೆ ಒಂದು ಮತ. 2020ರಲ್ಲಿ ಹೊಸ ಕ್ರೀಡಾಂಗಣಕ್ಕೆ ದುಡ್ಡು ಸಾಲದೆ ಬಂದಾಗ, ಹೊರಗಿನ ಹೂಡಿಕೆದಾರರ ಕೈಗೆ ಹಿಡಿತ ಹೋಗೋ ಬದಲು, ಬಾಂಡು ಕೊಂಡು 50 ಲಕ್ಷ ಪೌಂಡಿಗೂ ಹೆಚ್ಚು ಕೂಡಿಸಿದರು. ಆ ನವೆಂಬರ್‌ನಲ್ಲಿ, ಹಳೇ ಮೈದಾನದ ಹತ್ತಿರದಲ್ಲೇ, ಅದೇ ಪ್ಲೌ ಲೇನ್ ಬೀದಿಯಲ್ಲಿ, 29 ವರ್ಷದ ಮೇಲೆ ಮನೆಗೆ ಬಂದರು. ವಿಧಿ ನೋಡಿ, ಕೊರೊನಾ ಕಾಲ, ಮೊದಲ ಪಂದ್ಯಕ್ಕೆ ಒಳಗೆ ಪ್ರೇಕ್ಷಕರೇ ಇಲ್ಲ. ತಾವೇ ಕಟ್ಟಿದ ಮನೆಯ ಗೃಹಪ್ರವೇಶವನ್ನು ಟಿವಿಯಲ್ಲಿ ನೋಡಿದರು.

ಬೆಂಗಳೂರಲ್ಲಿ ನಾಳೆಯೇ ಹೀಗಾಗುತ್ತೆ ಅಂತ ನಾನು ಹೇಳ್ತಿಲ್ಲ. ಅಲ್ಲಿ ಒಂಬತ್ತನೇ ಮೆಟ್ಟಿಲಿಂದ ಹತ್ತೋಕೆ ಮೆಟ್ಟಿಲುಗಳಿವೆ, ನಮ್ಮಲ್ಲಿ ಮೇಲಿನ ಮೆಟ್ಟಿಲೇ ಅಲ್ಲಾಡ್ತಿದೆ. ಆದರೆ ಅಲ್ಲಿಯ ಸರ್ಕಾರಕ್ಕೂ ಒಂದು ವಿಷಯ ಅರ್ಥವಾಯಿತು. ಹೋದ ತಿಂಗಳಷ್ಟೇ ಬ್ರಿಟನ್ನಿನಲ್ಲಿ ಫುಟ್‌ಬಾಲ್ ಆಡಳಿತಕ್ಕೆ ಹೊಸ ಕಾಯ್ದೆ ಬಂದಿದೆ. ಸ್ವತಂತ್ರ ನಿಯಂತ್ರಕ ಇರ್ತಾನೆ, ಕ್ಲಬ್ಬುಗಳು ಮುಖ್ಯ ವಿಷಯಗಳಲ್ಲಿ ಬೆಂಬಲಿಗರ ಜೊತೆ ಸಮಾಲೋಚಿಸಬೇಕು, ಮನಸ್ಸಿಗೆ ಬಂದ ಹಾಗೆ ಮೈದಾನ ಮಾರೋ ಹಾಗಿಲ್ಲ. ನಮ್ಮಲ್ಲಿ? ಕ್ಲಬ್ಬಿಗೆ ಲೈಸೆನ್ಸ್ ಕೊಡುವಾಗ ಫೆಡರೇಷನ್ ನೂರೆಂಟು ಕಾಗದ ಕೇಳುತ್ತೆ. ಮುಚ್ಚೋದಾದರೆ, ಊರು ಬಿಡೋದಾದರೆ, ಬೆಂಬಲಿಗರಿಗೆ ಒಂದು ವರ್ಷ ಮೊದಲೇ ಹೇಳಬೇಕು, ಅವರು ಮುಂದೆ ಬಂದರೆ ಹೆಸರು, ಬಣ್ಣ, ಲಾಂಛನ ಅವರಿಗೆ ಬಿಟ್ಟುಕೊಡಬೇಕು ಅನ್ನೋ ಒಂದು ಷರತ್ತು ಸೇರಿಸೋಕೆ ಎಷ್ಟು ಶಾಯಿ ಬೇಕು?

ಎರಡು ತಿಂಗಳ ಹಿಂದೆ, ಜೂನ್ 4ರಂದು, ಕಬ್ಬನ್ ಪಾರ್ಕಿನ ಆ ಬದಿಯಲ್ಲಿ, ಚಿನ್ನಸ್ವಾಮಿ ಕ್ರೀಡಾಂಗಣದ ಗೇಟಿನಲ್ಲಿ ಹನ್ನೊಂದು ಜೀವ ಹೋಯಿತು. ಅವರೂ ಒಂದು ತಂಡದ ಬೆಂಬಲಿಗರು. ಆ ದುರಂತವನ್ನೂ ಈ ಸಂಬಳದ ಸುದ್ದಿಯನ್ನೂ ನಾನು ಒಂದೇ ತಕ್ಕಡಿಯಲ್ಲಿ ತೂಗ್ತಿಲ್ಲ, ತೂಗಲೂಬಾರದು. ಆದರೆ ಅಭಿಮಾನಿ ಅಂದರೆ ಬರೀ ಗುಂಪು, ಬೇಕಾದಾಗ ಕರೆದು ಬೇಡವಾದಾಗ ಮರೆಯೋ ಗುಂಪು ಅನ್ನೋ ಭಾವನೆ ಇದೆಯಲ್ಲ, ಅದು ಪಾರ್ಕಿನ ಈ ಬದಿಯಲ್ಲೂ ಒಂದೇ, ಆ ಬದಿಯಲ್ಲೂ ಒಂದೇ.

ಕರೆದಾಗ ಅವನು ಬಂದಿದ್ದಾನೆ. 2018ರ ಜೂನ್ ನೆನಪಿದೆಯಾ? ಮುಂಬೈಯಲ್ಲಿ ಭಾರತದ ಪಂದ್ಯ, ನೋಡೋಕೆ ಬಂದವರು ಎರಡೂವರೆ ಸಾವಿರ ಚಿಲ್ಲರೆ. ಸುನಿಲ್ ಛೆಟ್ರಿ, ದೇಶದ ನಾಯಕ, ಬೆಂಗಳೂರಿನ ನಾಯಕ, ಒಂದು ವಿಡಿಯೊ ಮಾಡಿ ಕೈ ಮುಗಿದರು. ಬೇಕಾದರೆ ಬೈಯಿರಿ, ಟೀಕೆ ಮಾಡಿ, ಆದರೆ ಕ್ರೀಡಾಂಗಣಕ್ಕೆ ಬನ್ನಿ ಅಂದರು. ಕೀನ್ಯಾ ಎದುರಿನ ಮುಂದಿನ ಪಂದ್ಯಕ್ಕೆ ಟಿಕೆಟ್ಟೇ ಉಳಿಯಲಿಲ್ಲ. ಅದೇ ಛೆಟ್ರಿ ನಲವತ್ತರ ವಯಸ್ಸಿನಲ್ಲಿ ಕಳೆದ ಐಎಸ್‌ಎಲ್‌ನಲ್ಲಿ 14 ಗೋಲು ಹೊಡೆದಿದ್ದಾರೆ. ನಿನ್ನೆಯ ಹೇಳಿಕೆಯಲ್ಲಿ ಸಂಬಳ ನಿಂತ ಮೊದಲ ತಂಡ ಅಂದರೆ ಅವರ ತಂಡವೇ.

ನಾಡಿದ್ದು, ಗುರುವಾರ, ದಿಲ್ಲಿಯಲ್ಲಿ ಫೆಡರೇಷನ್ ಐಎಸ್‌ಎಲ್ ಕ್ಲಬ್ಬುಗಳ ಸಿಇಒಗಳನ್ನು ಸಭೆಗೆ ಕರೆದಿದೆ. ಹಕ್ಕು, ದುಡ್ಡು, ದಿನಾಂಕ ಎಲ್ಲಾ ಚರ್ಚೆಗೆ ಬರಬಹುದು. ಆ ಮೇಜಿನ ಸುತ್ತ ವೆಸ್ಟ್ ಬ್ಲಾಕಿನಿಂದಲೋ, ಕೊಚ್ಚಿಯಿಂದಲೋ, ಕೋಲ್ಕತ್ತಾದಿಂದಲೋ ಟಿಕೆಟ್ ಕೊಂಡವನಿಗೆ ಒಂದು ಕುರ್ಚಿ ಹಾಕಿಸಿ. ಅವನು ಮಾತಾಡದಿದ್ದರೂ ಪರವಾಗಿಲ್ಲ. ಕುರ್ಚಿ ಇಲ್ಲ ಅಂದ್ರೂ ಅಡ್ಡಿ ಇಲ್ಲ, ತೊಂಬತ್ತು ನಿಮಿಷ ನಿಂತು ಅವನಿಗೆ ಅಭ್ಯಾಸ ಇದೆ.