ವಿಲಾಸಿ, ಹೌಸಿ, ಹವ್ಯಾಸಿ

(ಸಂಘದ ವಾರ್ಷಿಕ ನಾಟಕದ ತಾಲೀಮು ಆರಂಭಿಸುವ ಮುನ್ನ ಡೊಂಬಿವಲಿಯಲ್ಲಿ ಸೇರಿದ ಸಭೆಯಲ್ಲಿ ಮಾಡಿದ ಭಾಷಣ)

ಠಾಣೆ, ಕಲ್ಯಾಣ, ವಾಶಿಗಳಿಂದ ಪಾಳಿ ಮುಗಿಸಿ ಓಡಿ ಬಂದಿರುವ ಸೋದರ ಸೋದರಿಯರೇ,

ನಾನು ಏಳನೆಯ ತರಗತಿಯವರೆಗೆ ಓದಿದವನು. ಶಬ್ದದ ಅರ್ಥ ಹೇಳುವುದು ಪಂಡಿತರ ಕೆಲಸವೆಂದು ನನಗೂ ಗೊತ್ತಿದೆ. ಆದರೆ ಕಳೆದ ಸಭೆಯಲ್ಲಿ ಒಂದು ಶಬ್ದಕ್ಕಾಗಿ ನಮ್ಮೊಳಗೆ ಜಗಳವೇ ಆಗಿಹೋಯಿತು. ಕರಪತ್ರದಲ್ಲಿ 'ಹವ್ಯಾಸಿ ಕಲಾವಿದರಿಂದ' ಎಂದು ಹಾಕಬೇಕೇ, ಬೇಡವೇ? ಹಾಕಿದರೆ ನಾವು ಹೊತ್ತು ಕಳೆಯಲು ಕುಣಿಯುವವರೆಂದು ಜನ ತಿಳಿಯುತ್ತಾರೆ ಎಂದು ಹುಡುಗರ ವಾದ. ಹಾಕಿದರೆ ಬಣ್ಣದವನೂ ಬೆಳಕಿನವನೂ ದರ ಇಳಿಸುತ್ತಾರೆ ಎಂದು ಇನ್ನು ಕೆಲವರ ಲೆಕ್ಕ. ಈ ಎರಡು ಮಾತೂ ನನಗೆ ಒಪ್ಪಿಗೆಯಾಗಲಿಲ್ಲ. ಆದ್ದರಿಂದ ಎದ್ದು ನಿಂತಿದ್ದೇನೆ.

ಕಲ್ಯಾಣದಲ್ಲಿ ವಿಜಾಪುರದ ಕಡೆಯ ಹಿರಿಯರೊಬ್ಬರಿದ್ದಾರೆ. ಗಿರಣಿಯಲ್ಲಿ ಬದಲಿಯಾಗಿ ಸೇರಿ, ಕಾಯಂ ಆಗಿ, 1982ರ ಜನವರಿ 18ರಂದು ಶುರುವಾದ ಮುಷ್ಕರದ ಮೇಲೆ ಮತ್ತೆ ಆ ಬಾಗಿಲು ಕಾಣದವರು. ಅವರ ಟ್ರಂಕಿನಲ್ಲಿ ಹಳೆಯದೊಂದು ಕರಪತ್ರವಿದೆ. ಅದರಲ್ಲಿ 'ವಿಲಾಸಿ ಕಲಾವಿದರು ಅಭಿನಯಿಸುವ' ಎಂದು ಅಚ್ಚಾಗಿದೆ. ನಾನು ನಕ್ಕೆ. ಅವರು ನಗಲಿಲ್ಲ. "ತಮ್ಮಾ, ರಾತ್ರಿಪಾಳಿ ಮುಗಿಸಿ ಬಂದು ಚಾಳಿನ ಮಾಳಿಗಿ ಮ್ಯಾಲ ತಾಲೀಮು ಮಾಡಿದವ್ರು ನಾವು. ನಾಟಕದ ದಿನ ಖಾಡಾ ಆತು, ಪಗಾರ ಹೋತು. ಎಂಥಾ ವಿಲಾಸ!" ಎಂದರು.

ಈ 'ವಿಲಾಸಿ' ಅಚ್ಚಿನವರ ತಪ್ಪಲ್ಲ. ಆ ಕಾಲದಲ್ಲಿ ಕನ್ನಡದ ದೊಡ್ಡವರೂ ಹಾಗೆಯೇ ಬರೆಯುತ್ತಿದ್ದರು. ಕಂಪನಿ ನಾಟಕ ಒಂದು ಕಡೆ, ವಿಲಾಸಿ ನಾಟಕ ಇನ್ನೊಂದು ಕಡೆ. ಬೆಂಗಳೂರಿನಲ್ಲಿ 1909ರಲ್ಲಿ ಅಮೆಚೂರ್ ಡ್ರಾಮಾಟಿಕ್ ಅಸೋಸಿಯೇಷನ್ ಹುಟ್ಟಿತು. ಅಮೆಚೂರ್ ಎಂಬ ಆ ಇಂಗ್ಲಿಷು ಮಾತಿನ ಬೇರು ಲ್ಯಾಟಿನ್ನಿನಲ್ಲಿದೆ, ಅಲ್ಲಿ ಅದರ ಅರ್ಥ ಪ್ರೀತಿಸುವವನು ಎಂದು. ಅದಕ್ಕೆ ಕನ್ನಡ ಹುಡುಕುವಾಗ ಸಿಕ್ಕದ್ದು 'ವಿಲಾಸಿ'. ವಕೀಲರು, ಸರಕಾರಿ ನೌಕರರು, ಕಾಲೇಜಿನವರು ಸಂಜೆಯ ಬಿಡುವಿನಲ್ಲಿ ಆಡುತ್ತಿದ್ದಾಗ ಆ ಹೆಸರು ಒಪ್ಪಿದ್ದೀತು. ಭೂಗರ್ಭಶಾಸ್ತ್ರ ಓದಿದ ಕೈಲಾಸಂ ಹೊಟ್ಟೆಪಾಡಿಗೆಂದು ನಾಟಕ ಬರೆದವರಲ್ಲ. 1918ರ 'ಟೊಳ್ಳು ಗಟ್ಟಿ'ಯಲ್ಲಿ ಕಿರೀಟ, ಗದೆ, ಕಂದಗಳನ್ನು ಬಿಟ್ಟು ಮನೆಯೊಳಗಿನ ಮಾತನ್ನೇ ರಂಗಕ್ಕೆ ತಂದರು. ಟಿಕೇಟಿನ ಗಲ್ಲಾ ನೋಡಿ ಬರೆಯಬೇಕಾಗಿದ್ದರೆ ಆ ಧೈರ್ಯ ಬರುತ್ತಿತ್ತೋ ಇಲ್ಲವೋ.

ನಮಗೆ ಮಾತ್ರ ವಿಲಾಸ ಎಂದರೆ ಹೋಟೆಲಿನ ಬೋರ್ಡು. ಆ ವಿಲಾಸ, ಈ ವಿಲಾಸ ಎಂಬ ಹೆಸರಿನ ಎಷ್ಟು ಖಾನಾವಳಿಗಳ ಒಳಗೆ ನಾವು ಬಸಿ ತೊಳೆದಿಲ್ಲ! ಒಳಗೆ ಇದ್ದವರಲ್ಲಿ ವಿಲಾಸಿಗಳು ಯಾರೂ ಇರಲಿಲ್ಲ. ಆ ಮಾತು ಹಿಂದೆ ಸರಿದು 'ಹವ್ಯಾಸಿ' ಬಂದದ್ದು ಒಳ್ಳೆಯದೇ ಆಯಿತು.

ಆದರೆ ಹವ್ಯಾಸಿಯ ಒಂದು ತೊಡಕು ಈ ಊರಿನಲ್ಲೇ ತಿಳಿಯುವುದು. ಸಭಾಗೃಹಕ್ಕೆ ಮರಾಠಿಯಲ್ಲಿ ಅರ್ಜಿ ಬರೆಯುವಾಗ ನಾನು 'ಹವ್ಯಾಸಿ ನಾಟಕ' ಎಂದೇ ಬರೆದುಕೊಟ್ಟಿದ್ದೆ. ಕಾರಕೂನರು ಓದಿ, ಕನ್ನಡಕ ತೆಗೆದು, ನನ್ನನ್ನೇ ನೋಡಿದರು. ಮರಾಠಿಯಲ್ಲಿ ಹವ್ಯಾಸ ಎಂದರೆ ತೀರದ ಆಸೆ. ದುಡ್ಡಿನ ಹವ್ಯಾಸ, ಅಧಿಕಾರದ ಹವ್ಯಾಸ ಎನ್ನುತ್ತಾರೆ. ಅವರೇ ಪೆನ್ನು ತೆಗೆದು 'ಹೌಶೀ' ಎಂದು ತಿದ್ದಿಕೊಟ್ಟರು. ಮಹಾರಾಷ್ಟ್ರ ಸರಕಾರದ ನಾಟಕ ಸ್ಪರ್ಧೆಯಲ್ಲಿಯೂ ಹೌಶೀ ಎಂಬ ಮಾತೇ ಇದೆ. ಬೆಳಗಾವಿ, ವಿಜಾಪುರದ ನಮ್ಮವರ ಬಾಯಲ್ಲಿ ಹೌಸು ಎನ್ನುವುದೂ ಅದನ್ನೇ. ಮರಾಠಿ ಅರ್ಜಿಯಲ್ಲಿ ಹೌಶೀ, ಕನ್ನಡ ಕರಪತ್ರದಲ್ಲಿ ಹವ್ಯಾಸಿ ಎಂದು ಬರೆಯೋಣ. ಇದರಲ್ಲಿ ನಾಚಿಕೆಯೇನೂ ಇಲ್ಲ. ವಾಶಿಯ ನಾಟ್ಯಗೃಹಕ್ಕೆ ಯಾರ ಹೆಸರಿದೆಯೋ ಆ ವಿಷ್ಣುದಾಸ ಭಾವೆಯವರು 1843ರಲ್ಲಿ ಸಾಂಗ್ಲಿಯಲ್ಲಿ 'ಸೀತಾ ಸ್ವಯಂವರ' ಆಡಿಸಿದ್ದಕ್ಕೆ ನಮ್ಮ ಉತ್ತರ ಕನ್ನಡದ ಭಾಗವತರ ಆಟವೇ ಪ್ರೇರಣೆ. ಅವರೂ ನಾವೂ ಕೊಟ್ಟು ಕೊಂಡವರು.

ಇನ್ನು ಹುಡುಗರ ಮಾತು. ನಾನು ಕುಂದಾಪುರದ ಕಡೆಯವನು. ನಮ್ಮಲ್ಲಿ ಮೇಳದವರು ಬೇರೆ, ಸಂಘದವರು ಬೇರೆ. ಮೇಳದವರಿಗೆ ಮಳೆ ನಿಂತ ಮೇಲೆ ತಿರುಗಾಟ, ಅದೇ ಅವರ ಅನ್ನ. ಸಂಘದವನು ಹಗಲು ಗದ್ದೆಯಲ್ಲೋ ದೋಣಿಯಲ್ಲೋ ಇದ್ದು ರಾತ್ರಿ ಗೆಜ್ಜೆ ಕಟ್ಟುವವನು. ಅವನ ತಾಳ ತಪ್ಪಿದರೆ 'ಪಾಪ, ಸಂಘದವ' ಎಂದು ಯಾರೂ ಬಿಡುವುದಿಲ್ಲ. ತಪ್ಪಿತು ಎಂದೇ ಹೇಳುತ್ತಾರೆ. ಹವ್ಯಾಸಿ ಎಂದರೆ ಸಂಬಳವಿಲ್ಲದವನು. ಮಾತು ಬಾಯಿಪಾಠ ಮಾಡದವನು ಎಂದು ಅರ್ಥವಲ್ಲ. ಕಳೆದ ವರ್ಷ ನಮ್ಮ ನಾಯಕ ಪರದೆಯ ಹಿಂದಿನವನನ್ನು ನೋಡುತ್ತ ಮುಕ್ಕಾಲು ಪಾತ್ರ ಮುಗಿಸಿದ. ಕೇಳಿದರೆ "ನಾವು ಹವ್ಯಾಸಿಗಳು ಅಲ್ವಾ ಅಣ್ಣ" ಎಂದ. ಆ ಶಬ್ದಕ್ಕೆ ಹೀನ ಅರ್ಥ ತಂದವರು ಹೊರಗಿನವರಲ್ಲ.

ಎರಡನೆಯದೇ ನನಗೆ ಹೆಚ್ಚು ಚುಚ್ಚಿದ ಮಾತು. ತುಮಕೂರು, ಮಂಡ್ಯದ ಕಡೆಯ ಹಳ್ಳಿಗಳಲ್ಲಿ 'ಕುರುಕ್ಷೇತ್ರ' ಆಡುವಾಗ ಪಾತ್ರಧಾರಿ ಹಣ ತೆಗೆದುಕೊಳ್ಳುವುದಿಲ್ಲ, ಕೊಡುತ್ತಾನೆ. ದುರ್ಯೋಧನನಿಗೆ ಹೆಚ್ಚು, ದೂತನಿಗೆ ಕಡಿಮೆ. ಆ ಹಣ ಹಾರ್ಮೋನಿಯಂ ಮೇಷ್ಟ್ರಿಗೆ, ಸೀನರಿಯವರಿಗೆ, ಸ್ತ್ರೀಪಾತ್ರಕ್ಕೆ ಬರುವ ಕಲಾವಿದೆಯರಿಗೆ ಹೋಗುತ್ತದೆ. ಹೌಸು ಯಾರದೋ ಖರ್ಚು ಅವರದು. ಬಣ್ಣದವನಿಗೆ ಬಣ್ಣ ಹವ್ಯಾಸವಲ್ಲ, ಕಸುಬು. ರಾಜಕುಮಾರರೂ ಅವರ ತಂದೆಯವರೂ ಗುಬ್ಬಿ ಕಂಪನಿಯಲ್ಲಿ ದುಡಿದೇ ಉಂಡವರು. ಅಂಥವರನ್ನು 'ನಮ್ಮದು ಹವ್ಯಾಸಿ ನಾಟಕ, ನೀವೂ ಬಿಟ್ಟುಕೊಡಿ' ಎಂದು ಕೇಳುವುದೆಂದರೇನು? ನಾನು ಹದಿನಾಲ್ಕರ ಮಾಣಿಯಾಗಿದ್ದಾಗ ಒಬ್ಬ ಧನಿಗಳು ಎರಡು ತಿಂಗಳ ಸಂಬಳ ತಡೆದು "ನೀನು ಮನೆಯವನ ಹಾಗೆ ಅಲ್ಲವೋ" ಎಂದರು. ಅವರ ಬಾಯಲ್ಲಿ ಆ ಒಳ್ಳೆಯ ಮಾತು ನನಗೆ ಹೇಗೆ ಕೇಳಿತೋ, ನಮ್ಮ ಬಾಯಲ್ಲಿ 'ಹವ್ಯಾಸಿ' ಎಂಬ ಮಾತು ಆ ಬಣ್ಣದವನಿಗೆ ಹಾಗೆಯೇ ಕೇಳುತ್ತದೆ. ಸಂಘಟನೆ ಕಟ್ಟುವ ನಾವೇ ಇದನ್ನು ಮಾಡಬಾರದು.

ಆದುದರಿಂದ ನನ್ನ ಸೂಚನೆ ಇಷ್ಟು. ಕರಪತ್ರದಲ್ಲಿ 'ಹವ್ಯಾಸಿ ಕಲಾವಿದರಿಂದ' ಎಂದು ದಪ್ಪಕ್ಷರದಲ್ಲಿ ಇರಲಿ. ಅದರ ಕೆಳಗೆ ಬಣ್ಣ, ಬೆಳಕು, ತಬಲಾದವರ ಹೆಸರುಗಳು ಬೇರೆಯಾಗಿ ಇರಲಿ, ಅವರ ಹಣ ನಾಟಕಕ್ಕೆ ಮೊದಲೇ ಅವರ ಕೈ ಸೇರಲಿ. ಹಾಗೆ ಮಾಡಿದರೆ ನಮ್ಮ ಲೆಕ್ಕದಲ್ಲಿ ಒಂದಷ್ಟು ಕೊರತೆ ಬೀಳುತ್ತದೆ. ಅದಕ್ಕೆ ಪಾತ್ರ ಸಿಕ್ಕ ಪ್ರತಿಯೊಬ್ಬರೂ ಒಂದು ದಿನದ ಪಗಾರ ಹಾಕೋಣ. ನನ್ನದು ದೂತನ ಪಾತ್ರವಾದರೂ ಮೊದಲು ನಾನೇ ಕೊಡುತ್ತೇನೆ.

ತಾಲೀಮು ಸೋಮವಾರ ರಾತ್ರಿ ಷಟರು ಇಳಿಸಿದ ಮೇಲೆ. ಕಲ್ಯಾಣದ ಕಡೆಗೆ ಹೋಗುವವರನ್ನು ಕೊನೆಯ ಗಾಡಿಗೆ ಮುಂಚೆ ಬಿಡುತ್ತೇವೆ. ಮಾತು ಬಾಯಿಪಾಠ ಮಾಡಿಕೊಂಡು ಬನ್ನಿ.