ಸೈತಾನ ಎಂಬ ಮಾತು

ದೊಡ್ಡಬಳ್ಳಾಪುರದ ನೇಕಾರರ ಬೀದಿಗಳಲ್ಲಿ ಮಗ್ಗದ ಸದ್ದಿನ ನಡುವೆಯೂ ಕಿವಿಗೆ ಬೀಳುವ ಬೈಗುಳಗಳಲ್ಲಿ 'ಸೈತಾನ' ಎಂಬುದೊಂದು. ಬೈಯುವವರು ಯಾವ ಮತದವರಾದರೂ ಮಾತು ಒಂದೇ. ಪಾಠದ ನಡುವೆ ಗದ್ದಲವೆಬ್ಬಿಸಿದ ಹುಡುಗನೊಬ್ಬನನ್ನು ನಾನೂ ಒಮ್ಮೆ ಹಾಗೆಂದು ಗದರಿಸಿದೆ. ಮರುದಿನ ಅವನ ಅಜ್ಜಿ ಶಾಲೆಗೆ ಬಂದರು. "ಮೇಷ್ಟ್ರೇ, ಹುಡುಗ ತುಂಟ, ಒಪ್ಪಿದೆ. ಮನೇಲಿ ಮುದ್ದಿಗೆ ನಾವೂ ಸೈತಾನ ಅಂತೀವಿ. ಕೋಪದಲ್ಲಿ, ಗುರುಗಳ ಬಾಯಲ್ಲಿ ಆ ಮಾತು ಬೇಡ" ಎಂದರು. ಕನ್ನಡ ಪಂಡಿತನೆನಿಸಿಕೊಂಡ ನನಗೆ ಆ ಮಾತಿನ ತೂಕ ತಿಳಿದಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ನಮ್ಮಲ್ಲಿ ದೆವ್ವವೆಂದರೆ ಸಾಮಾನ್ಯವಾಗಿ ಸತ್ತವರ ಅಲೆಯುವ ಜೀವ. 'ದೈವ' ಶಬ್ದದ ತದ್ಭವವೇ 'ದೆವ್ವ'. ಸೈತಾನನು ಅಂಥವನಲ್ಲ. ಅರಬ್ಬಿಯ 'ಶೈತಾನ್' ನಮ್ಮ ನಾಲಗೆಯಲ್ಲಿ 'ಸೈತಾನ'ವಾಯಿತು. ಅದರ ಬಂಧುವಾದ ಹೀಬ್ರೂ ಶಬ್ದಕ್ಕೆ ಎದುರಾಳಿ ಎಂದರ್ಥ.

ಕುರಾನಿನಲ್ಲಿ ಬರುವ ಕಥೆ ಹೀಗಿದೆ: ದೇವರು ಮಣ್ಣಿನಿಂದ ಆದಮನನ್ನು ಸೃಷ್ಟಿಸಿ, ಅವನಿಗೆ ತಲೆಬಾಗಿರೆಂದು ದೇವದೂತರಿಗೆ ಆಜ್ಞಾಪಿಸಿದನು. ಎಲ್ಲರೂ ಬಾಗಿದರು, ಇಬ್ಲೀಸನೊಬ್ಬನು ಬಾಗಲಿಲ್ಲ. ತಾನು ಬೆಂಕಿಯಿಂದಾದವನು, ಇವನು ಮಣ್ಣಿನವನು, ಆದ್ದರಿಂದ ತಾನೇ ಮೇಲೆಂಬುದು ಅವನ ವಾದ. ಹೊರದೂಡಲ್ಪಟ್ಟ ಅವನು ಪುನರುತ್ಥಾನದ ದಿನದವರೆಗೆ ಗಡುವು ಬೇಡಿ, ಮನುಷ್ಯರನ್ನು ದಾರಿ ತಪ್ಪಿಸುವ ಪಣ ತೊಟ್ಟನು. ಆದರೂ ಅವನು ದೇವರಿಗೆ ಸರಿಸಮನಾದ ಎದುರಾಳಿಯಲ್ಲ. ಬಲಾತ್ಕಾರದಿಂದ ಕೆಟ್ಟದ್ದು ಮಾಡಿಸುವ ಶಕ್ತಿ ಅವನಿಗಿಲ್ಲ. ಅವನದು ಬರಿಯ ಪಿಸುಮಾತು. ಅದಕ್ಕೆ ಕಿವಿಗೊಡುವ ಹೊಣೆ ನಮ್ಮದೇ. ಕುರಾನಿನ ಕಡೆಯ, 114ನೆಯ ಅಧ್ಯಾಯವು ಈ ಪಿಸುಮಾತಿನಿಂದ ರಕ್ಷಣೆ ಬೇಡುವ ಪ್ರಾರ್ಥನೆ.

ಜಿನ್ನುಗಳೆಲ್ಲ ಸೈತಾನರೆಂದು ತಿಳಿಯುವುದೂ ತಪ್ಪು. 'ಜಿನ್' ಶಬ್ದದ ಧಾತುವಿಗೆ ಮರೆಯಾಗಿರುವುದು ಎಂಬ ಅರ್ಥವಿದೆ. ಬೆಂಕಿಯಿಂದಾದ, ಕಣ್ಣಿಗೆ ಕಾಣದ ಈ ಜೀವಿಗಳಲ್ಲಿ ಮನುಷ್ಯರಲ್ಲಿರುವಂತೆ ಒಳ್ಳೆಯವರೂ ಕೆಟ್ಟವರೂ ಉಂಟು. ಇಬ್ಲೀಸನು ಜಿನ್ನುಗಳ ಪೈಕಿಯವನೆಂದು 18ನೆಯ ಅಧ್ಯಾಯ ಹೇಳಿದರೆ, ಕುರಾನನ್ನು ಕೇಳಿ ನಂಬಿದ ಜಿನ್ನುಗಳ ಪ್ರಸಂಗ 72ನೆಯ ಅಧ್ಯಾಯದಲ್ಲಿ ಬರುತ್ತದೆ.

ಹೀಗಿರಲು, ಸೈತಾನತನದ ಗುರುತು ಕೋರೆಹಲ್ಲಲ್ಲ, 'ನಾನೇ ಮೇಲು' ಎಂಬ ಹಮ್ಮು. ಎಂಟನೆಯ ತರಗತಿಯ ಹುಡುಗನ ಗದ್ದಲದಲ್ಲಿ ಅದೆಲ್ಲಿತ್ತು? ಹದೀಸಿನಲ್ಲಿ ಇನ್ನೊಂದು ಮಾತು ಬರುತ್ತದೆ: ಕೋಪ ಸೈತಾನನಿಂದ ಬರುವುದು, ಅವನು ಬೆಂಕಿಯಿಂದಾದವನು, ಬೆಂಕಿಯನ್ನು ನೀರು ಆರಿಸುತ್ತದೆ, ಆದ್ದರಿಂದ ಕೋಪ ಬಂದವನು ನಮಾಜಿಗೆ ಮುಂಚಿನಂತೆ ಕೈಕಾಲು ಮುಖ ತೊಳೆದುಕೊಳ್ಳಲಿ, ಎಂದು. ಆ ದಿನ ತರಗತಿಯಲ್ಲಿ ಕೋಪಗೊಂಡಿದ್ದವನು ನಾನು, ಹುಡುಗನಲ್ಲ.

ಈಗ ಅವನನ್ನು ಹೆಸರು ಹಿಡಿದೇ ಕರೆಯುತ್ತೇನೆ. ಕೋಪ ಬಂದಾಗ ಮೊದಲು ನಲ್ಲಿಯ ಬಳಿಗೆ ಹೋಗಿ ಮುಖ ತೊಳೆದು ಬರುತ್ತೇನೆ.