ಎಳೆಯರ ಕ್ರೀಡಾ ತರಬೇತಿ: ಶಿವಾಜಿ ಪಾರ್ಕಿನ ಅನುಭವ



ಎಳೆಯರಿಗೆ ಆಟ ಕಲಿಸುವುದೆಂದರೆ ಕೈಕಾಲುಗಳ ಚಲನೆಯನ್ನು ತಿದ್ದುವುದಷ್ಟೇ ಎಂಬ ಭಾವನೆ ಅನೇಕ ಪಾಲಕರಲ್ಲಿದೆ. ಮುಂಬಯಿಯ ದಾದರ್ ಪ್ರದೇಶದ ಶಿವಾಜಿ ಪಾರ್ಕ್ ಮೈದಾನದಲ್ಲಿ ದಶಕಗಳ ಕಾಲ ಕ್ರಿಕೆಟ್ ಕಲಿಸಿದ ರಮಾಕಾಂತ ಆಚ್ರೇಕರ್ ಅವರ ವಿಧಾನ ಇದಕ್ಕಿಂತ ಭಿನ್ನವಾಗಿತ್ತು. ಸ್ವತಃ ಅವರು ಆಡಿದ್ದು ಒಂದೇ ಒಂದು ಪ್ರಥಮ ದರ್ಜೆಯ ಪಂದ್ಯ. ತರಬೇತುದಾರರಾಗಿ 1990ರಲ್ಲಿ ದ್ರೋಣಾಚಾರ್ಯ ಪ್ರಶಸ್ತಿಗೂ 2010ರಲ್ಲಿ ಪದ್ಮಶ್ರೀಗೂ ಪಾತ್ರರಾದ ಅವರು 2019ರ ಜನವರಿ 2ರಂದು ನಿಧನರಾದರು.

ನೆಟ್ ಅಭ್ಯಾಸಕ್ಕಿಂತ ಪಂದ್ಯಗಳಿಗೆ ಅವರು ಹೆಚ್ಚಿನ ಮಹತ್ವ ನೀಡಿದರು. ನೆಟ್‌ನಲ್ಲಿ ಔಟಾದ ಹುಡುಗ ಅಲ್ಲಿಯೇ ನಿಂತು ಮುಂದಿನ ಚೆಂಡನ್ನು ಎದುರಿಸುತ್ತಾನೆ. ಪಂದ್ಯದಲ್ಲಿ ಔಟಾದವನು ಹೊರಬಂದು ಕೂರಬೇಕಾಗುತ್ತದೆ. ತಪ್ಪಿನ ಬೆಲೆ ತಿಳಿಯುವುದು ಆಗಲೇ. ಆದುದರಿಂದಲೇ ಬಾಲಕ ಸಚಿನ್ ತೆಂಡೂಲ್ಕರ್ ಅವರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಮೈದಾನದಿಂದ ಮೈದಾನಕ್ಕೆ ಕರೆದೊಯ್ಯುತ್ತಿದ್ದರು. ಬಾಂದ್ರಾದಿಂದ ನಿತ್ಯ ಓಡಾಡುವ ಆಯಾಸ ತಪ್ಪಲೆಂದು ಕುಟುಂಬದವರು ಆ ಬಾಲಕನನ್ನು ಶಿವಾಜಿ ಪಾರ್ಕ್ ಸಮೀಪದ ಬಂಧುಗಳ ಮನೆಯಲ್ಲಿ ಇರಿಸಿದ್ದರು. ದಿನದ ಅಭ್ಯಾಸದ ಕೊನೆಯಲ್ಲಿ ಆಚ್ರೇಕರ್ ಸ್ಟಂಪಿನ ಮೇಲೊಂದು ರೂಪಾಯಿ ನಾಣ್ಯ ಇಡುತ್ತಿದ್ದರು. ಔಟ್ ಮಾಡಿದ ಬೌಲರ್‌ಗೆ ಆ ನಾಣ್ಯ; ಔಟಾಗದೆ ಉಳಿದರೆ ಅದು ಸಚಿನ್ ಪಾಲಿಗೆ. ದಣಿದ ದೇಹದಲ್ಲಿಯೂ ಗಮನ ಕದಲದಂತೆ ನೋಡಿಕೊಳ್ಳುವ ಉಪಾಯವಿದು.

ಪ್ರಶಂಸೆಯಲ್ಲಿ ಮಾತ್ರ ಅವರು ಬಲು ಜಿಪುಣರು. ಗುರುಗಳು ಒಮ್ಮೆಯೂ ಚೆನ್ನಾಗಿ ಆಡಿದೆ ಎನ್ನಲಿಲ್ಲವೆಂದು ಸಚಿನ್ 2013ರ ವಿದಾಯ ಭಾಷಣದಲ್ಲಿ ಸ್ಮರಿಸಿದರು. ಈ ಒಂದಂಶವನ್ನು ಇಂದಿನ ತರಬೇತುದಾರರು ಹಾಗೆಯೇ ಅನುಸರಿಸಬೇಕಾಗಿಲ್ಲ. ಗುರುವಿನ ಮೌನವನ್ನು ಎಲ್ಲ ಮಕ್ಕಳೂ ಒಂದೇ ರೀತಿ ಅರ್ಥಮಾಡಿಕೊಳ್ಳಲಾರರು.

ತರಬೇತಿಯ ನಿಜವಾದ ಪರೀಕ್ಷೆ ಇರುವುದು ಅವಕಾಶಕ್ಕಾಗಿ ಕಾಯುವ ಮಗುವಿನ ವಿಷಯದಲ್ಲಿ. 1988ರ ಫೆಬ್ರವರಿಯಲ್ಲಿ ಆಜಾದ್ ಮೈದಾನದಲ್ಲಿ ನಡೆದ ಅಂತರಶಾಲಾ ಹ್ಯಾರಿಸ್ ಶೀಲ್ಡ್ ಸೆಮಿಫೈನಲ್‌ನಲ್ಲಿ ಶಾರದಾಶ್ರಮ ವಿದ್ಯಾಮಂದಿರದ ಸಚಿನ್ ಔಟಾಗದೆ 326, ವಿನೋದ್ ಕಾಂಬ್ಳಿ ಔಟಾಗದೆ 349 ರನ್ ಗಳಿಸಿದರು. ಅವರ 664 ರನ್ನುಗಳ ಜತೆಯಾಟ ಅಂದಿನ ವಿಶ್ವದಾಖಲೆ. ಈ ಸಂಖ್ಯೆ ಬಹುಮಂದಿಗೆ ಬಾಯಿಪಾಠ. ಆದರೆ ಮುಂದಿನ ಸರದಿಗಾಗಿ ಪ್ಯಾಡ್ ಕಟ್ಟಿಕೊಂಡು ಎರಡು ದಿನ ಕಾದು, ಒಂದು ಚೆಂಡನ್ನೂ ಎದುರಿಸದೆ ಮನೆಗೆ ಮರಳಿದ 13 ವರ್ಷದ ಅಮೋಲ್ ಮಜುಂದಾರ್ ಅವರನ್ನು ನೆನೆಯುವವರು ಕಡಿಮೆ. ಪ್ರತಿಯೊಂದು ತಂಡದಲ್ಲಿಯೂ ಹೀಗೆ ಕಾಯುವ ಮಕ್ಕಳಿರುತ್ತಾರೆ. ಅವರಿಗೆ ಬೇರೊಂದು ಪಂದ್ಯವನ್ನು ಒದಗಿಸಿಕೊಡದ ಶಿಬಿರ ಶುಲ್ಕವನ್ನಷ್ಟೇ ವಸೂಲು ಮಾಡುತ್ತದೆ.

ಆಚ್ರೇಕರ್ ಅವರ ಶಿಷ್ಯರೇ ಆದ ಮಜುಂದಾರ್ 1994ರಲ್ಲಿ ತಮ್ಮ ಮೊದಲ ರಣಜಿ ಪಂದ್ಯದಲ್ಲಿಯೇ 260 ರನ್ ಗಳಿಸಿದರು. ಪ್ರಥಮ ದರ್ಜೆಯಲ್ಲಿ 11,000ಕ್ಕೂ ಮಿಕ್ಕಿ ರನ್ ಕಲೆಹಾಕಿದರೂ ಭಾರತ ತಂಡದಲ್ಲಿ ಅವರಿಗೆ ಸ್ಥಾನ ದೊರೆಯಲೇ ಇಲ್ಲ. 2023ರಲ್ಲಿ ಅವರು ಭಾರತ ಮಹಿಳಾ ತಂಡದ ಮುಖ್ಯ ತರಬೇತುದಾರರಾಗಿ ನೇಮಕಗೊಂಡರು. 2025ರ ನವೆಂಬರ್ 2ರಂದು ನವಿ ಮುಂಬಯಿಯಲ್ಲಿ ದಕ್ಷಿಣ ಆಫ್ರಿಕಾವನ್ನು 52 ರನ್ನುಗಳಿಂದ ಸೋಲಿಸಿ ಭಾರತದ ವನಿತೆಯರು ಪ್ರಪ್ರಥಮ ಬಾರಿಗೆ ವಿಶ್ವಕಪ್ ಗೆದ್ದಾಗ ತಂಡದ ಗುರುವಾಗಿದ್ದವರು ಅವರೇ.